ಅರವತ್ತು ಹುಣಸೆ ಬೀಜ

ಇಳಕಲ್ಲಿನಲ್ಲಿ ನಮ್ಮ ಚರ್ಚಿನ ಗಂಟೆಗೆ ಎರಡು ಕೆಲಸ. ಭಾನುವಾರ ಬೆಳಿಗ್ಗೆ ಜನರನ್ನು ಕರೆಯುವುದು ಒಂದು. ಸಭೆಯವರು ಯಾರಾದರೂ ತೀರಿಕೊಂಡರೆ ಅವರಿಗೆ ಎಷ್ಟು ವರ್ಷ ತುಂಬಿತ್ತೋ ಅಷ್ಟು ಪೆಟ್ಟು ಹೊಡೆಯುವುದು ಇನ್ನೊಂದು. ಒಂದು ಪೆಟ್ಟು, ಸ್ವಲ್ಪ ತಡೆ, ಮತ್ತೊಂದು ಪೆಟ್ಟು. ಚರ್ಚು ಇರುವುದು ನೇಕಾರರ ಓಣಿಯ ತುದಿಯಲ್ಲಿ. ಗಂಟೆ ಹಾಗೆ ತಡೆತಡೆದು ಬಾರಿಸತೊಡಗಿದರೆ ಓಣಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ಅವರು ನಮ್ಮ ಸಭೆಯವರಲ್ಲ, ಆದರೂ ಎಣಿಸುತ್ತಾರೆ. ಮೂವತ್ತಕ್ಕೇ ನಿಂತರೆ ಅಯ್ಯೋ ಪಾಪ ಅನ್ನುತ್ತಾರೆ. ಎಂಬತ್ತು ದಾಟಿದರೆ, ಇನ್ನೂ ಮುಗಿಯಲಿಲ್ಲವಲ್ಲ ಈ ಅಜ್ಜನದು ಎಂದು ಒಂದು ಬೀಡಿ ಹಚ್ಚುತ್ತಾರೆ.

ಆ ಗಂಟೆಯ ಬಾಯಿಂದ ನಾನು ಒಮ್ಮೆ ಸುಳ್ಳು ಹೇಳಿಸಿದ್ದೇನೆ. ಹಾಡುಹಗಲೇ, ಪಾಸ್ಟರ್ ಪಕ್ಕದಲ್ಲಿ ನಿಂತಿರುವಾಗಲೇ ಹೇಳಿಸಿದ್ದೇನೆ. ಅದಕ್ಕೆ ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಹೇಗಾಯಿತು ಅಂತ ಹೇಳಬೇಕು, ಅಷ್ಟೇ.

ಗಂಟೆ ಹೊಡೆಯುವುದು ಇಬ್ಬರ ಕೆಲಸ. ಒಬ್ಬರು ಹಗ್ಗ ಎಳೆಯಬೇಕು, ಒಬ್ಬರು ಎಣಿಸಬೇಕು. ಹಗ್ಗ ಹಿಡಿದವರಿಗೆ ಎಣಿಕೆ ನೆನಪಿರುವುದಿಲ್ಲ. ನಲವತ್ತಾದ ಮೇಲೆ ತೋಳು ಸೋತು ಲೆಕ್ಕ ತಪ್ಪುತ್ತದೆ. ಅದಕ್ಕೇ ಕಿಟಕಿಯ ಕಟ್ಟೆಯ ಮೇಲೆ ಒಂದು ಬಿಸ್ಕೀಟು ಡಬ್ಬಿ ತುಂಬ ಹುಣಸೆ ಬೀಜ ಇಟ್ಟಿರುತ್ತಿದ್ದರು. ಎಣಿಸುವವರು ಸತ್ತವರ ವಯಸ್ಸಿನಷ್ಟು ಬೀಜ ಮೊದಲೇ ಎಣಿಸಿಟ್ಟುಕೊಂಡು, ಪೆಟ್ಟಿಗೊಂದರಂತೆ ಹಿತ್ತಾಳೆ ತಟ್ಟೆಗೆ ಹಾಕಬೇಕು. ಬೀಜ ಮುಗಿದರೆ ಮನುಷ್ಯ ಮುಗಿದ. ನನಗೂ ನನ್ನ ಗೆಳತಿಗೂ ಏಳೆಂಟು ವರ್ಷವಿರುವಾಗ ಗಂಟೆ ನೋಡಿಕೊಳ್ಳುತ್ತಿದ್ದ ಅಜ್ಜನೊಬ್ಬ ಇದ್ದ. ಭಾನುವಾರದ ಗಂಟೆಯನ್ನು ನಮ್ಮ ಕೈಲಿ ಎಳೆಸುತ್ತಿದ್ದ. ನಾನು ಮೊದಲು ತಾನು ಮೊದಲು ಎಂದು ನಾವು ಜಡೆ ಹಿಡಿದುಕೊಂಡು ಹೊಡೆದಾಡುವುದನ್ನು ನೋಡಲಾರದೆ ಒಂದು ದಿನ ತೀರ್ಪು ಕೊಟ್ಟ.

"ದೊಡ್ಡಾಕಿ ಕೈಯಾಗ ಹಗ್ಗ, ಸಣ್ಣಾಕಿ ಕೈಯಾಗ ಬೀಜ. ಮುಗೀತು. ಈಗ ಹೇಳ್ರಿ, ನಿಮ್ಮಿಬ್ಬರಾಗ ದೊಡ್ಡಾಕಿ ಯಾರ?"

"ನಾ!" ಎಂದೆವು ಇಬ್ಬರೂ. ಪಾಪ, ಜಗಳ ಬಿಡಿಸಲು ಹೇಳಿದ ಮಾತು. ಅದರಿಂದ ಶುರುವಾದ ಜಗಳ ಐವತ್ತು ವರ್ಷ ನಡೆಯಿತು.

ಇದರಲ್ಲಿ ನಮ್ಮ ತಪ್ಪೇನೂ ಇಲ್ಲ. ತಪ್ಪೆಲ್ಲ ಶಾಲೆಯ ದೊಡ್ಡ ಮಾಸ್ತರರದು. ಆಗ ಶಾಲೆಗೆ ಹೆಸರು ಹಚ್ಚುವಾಗ ಹುಟ್ಟಿದ ತಾರೀಖು ಯಾರೂ ಒಯ್ಯುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷವಾಯಿತೆಂದು ಲೆಕ್ಕ. ನಮ್ಮಿಬ್ಬರ ಅಪ್ಪಂದಿರು ಒಂದೇ ದಿನ ನಮ್ಮನ್ನು ಕರೆದುಕೊಂಡು ಹೋದರು. ಅವಳು ಗಬಕ್ಕನೆ ಕಿವಿ ಹಿಡಿದಳು. ನಾನು ತುದಿಬೆರಳಲ್ಲಿ ಮುಟ್ಟಿದೆ. ಮಾಸ್ತರರು ಇಬ್ಬರಿಗೂ ಜೂನ್ ಒಂದು ಎಂದು ಬರೆದುಕೊಂಡರು, ಒಂದೇ ಇಸವಿ. ಕೈ ಉದ್ದವಿದ್ದುದರಿಂದ ತಾನೇ ದೊಡ್ಡವಳು ಎನ್ನುವುದು ಅವಳ ಮೊದಲನೆಯ ಸಾಕ್ಷಿ. "ಮಂಗನ ಕೈಯೂ ಉದ್ದ ಇರತಾವ" ಎನ್ನುವುದು ನನ್ನ ಉತ್ತರ. ನಾನೂ ಮುಂದೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದೆ. ನಾನೂ ನೂರಾರು ಮಕ್ಕಳಿಗೆ ಜೂನ್ ಒಂದನ್ನೇ ಹಂಚಿದೆ. ಇದನ್ನು ಅವಳು ಜನ್ಮವಿಡೀ ಆಡಿಕೊಂಡಳು.

ಅವ್ವಂದಿರನ್ನು ಕೇಳಿದರೆ, ನಾನು ಹುಟ್ಟಿದ್ದು ಸೀಗೆ ಹುಣ್ಣಿಮೆಗೆ, ಅವಳು ಹುಟ್ಟಿದ್ದು ಕಾರ ಹುಣ್ಣಿಮೆಗೆ. ಹುಣ್ಣಿಮೆಯ ಬಗ್ಗೆ ಇಬ್ಬರಿಗೂ ಅನುಮಾನವಿಲ್ಲ. ಯಾವ ವರ್ಷದ ಹುಣ್ಣಿಮೆ ಎಂದು ಕೇಳಿದರೆ ಮಾತ್ರ ರೊಟ್ಟಿ ಬಡಿಯುತ್ತ, "ಅದೆಲ್ಲಾ ಯಾರಿಗೆ ನೆನಪೈತಿ, ಹೋಗ ಆ ಕಡೆ" ಅನ್ನುತ್ತಿದ್ದರು. ಕಾರ ಹುಣ್ಣಿಮೆ ಬರುವುದು ಮುಂಗಾರಿಗೆ, ಸೀಗೆ ಹುಣ್ಣಿಮೆ ಬರುವುದು ಅದಾಗಿ ನಾಲ್ಕು ತಿಂಗಳಿಗೆ. ಇಬ್ಬರೂ ಒಂದೇ ವರ್ಷ ಹುಟ್ಟಿದ್ದರೆ ಅವಳು ನನಗಿಂತ ನಾಲ್ಕು ತಿಂಗಳು ದೊಡ್ಡವಳು. ಅವಳದು ಮರುವರ್ಷದ ಕಾರ ಹುಣ್ಣಿಮೆಯಾಗಿದ್ದರೆ ನಾನು ಎಂಟು ತಿಂಗಳು ದೊಡ್ಡವಳು. ಇಷ್ಟೇ ವ್ಯಾಜ್ಯ. ಚರ್ಚಿನ ಹಳೆಯ ರಿಜಿಸ್ಟರ್ ತೆಗೆದು ನೋಡಿದರೆ ಹುಟ್ಟಿದ ತಾರೀಖಿನ ಸಾಲನ್ನೇ ಆರಿಸಿಕೊಂಡು ಗೆದ್ದಲು ತಿಂದಿತ್ತು.

ನಡುವೆ ಮೂವತ್ತೈದರಿಂದ ಐವತ್ತರವರೆಗೆ ಜಗಳ ತಲೆಕೆಳಗಾಗಿತ್ತು ಎನ್ನುವುದನ್ನೂ ಹೇಳಬೇಕು, ಮುಚ್ಚಿಡುವುದೇಕೆ. ತಲೆಯಲ್ಲಿ ಬಿಳಿಕೂದಲು ಕಂಡದ್ದೇ ತಡ, ಇಬ್ಬರಿಗೂ ಸಣ್ಣವಳಾಗುವ ಆಸೆ ಹುಟ್ಟಿತು. ಬಾಗಲಕೋಟೆಯಲ್ಲಿ ಒಮ್ಮೆ ಸ್ತ್ರೀಯರ ಕೂಟ ನಡೆದಾಗ ಯಾರೋ, "ನಿಮ್ಮಿಬ್ಬರಾಗ ದೊಡ್ಡಾರ ಯಾರ್ರಿ?" ಎಂದು ಕೇಳಿದರು. ನಾನು ಅವಳ ಕಡೆ ಬೆರಳು ಮಾಡಿದೆ, ಅವಳು ನನ್ನ ಕಡೆ ಬೆರಳು ಮಾಡಿದಳು, ಎರಡೂ ಬೆರಳು ನಡುವೆ ಡಿಕ್ಕಿ ಹೊಡೆದವು. ನಾವು ನಗುತ್ತ ನಗುತ್ತ ಪ್ರಾರ್ಥನೆಯ ನಡುವೆ ಎದ್ದು ಹೊರಗೆ ಓಡಬೇಕಾಯಿತು.

ನಗು ನಮ್ಮಿಬ್ಬರ ದೊಡ್ಡ ರೋಗ. ಅವಳು ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ಇಳಕಲ್ ಸೀರೆಗೆ ಖಣದ ಕುಪ್ಪಸ ಹೊಲಿಸಲು ಅರ್ಧ ಊರು ಅಲ್ಲಿಗೆ ಬರುತ್ತಿತ್ತು. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಚರ್ಚಿಗೂ ಬಂದುಬಿಡುತ್ತಿದ್ದಳು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಇವಳು ಮುಂದಿನ ಸಾಲಿನವಳ ಬೆನ್ನು ನೋಡುತ್ತ, "ಇದು ನನ್ನ ಹೊಲಿಗಿ ಅಲ್ಲ ತಗೋ. ನೋಡ, ಹೆಂಗ ಸೊಟ್ಟ ಕುಂತೈತಿ" ಎಂದು ನನ್ನ ಕಿವಿಯಲ್ಲಿ ಉಸುರುತ್ತಿದ್ದಳು. ನಾನು ಕಿಸಕ್ಕೆನ್ನುತ್ತಿದ್ದೆ. ಅವಳು ಮಾತ್ರ ತಕ್ಷಣ ಕಣ್ಣು ಮುಚ್ಚಿ ದೇವದೂತೆಯಂತೆ ಕೂತಿರುತ್ತಿದ್ದಳು. ಬೈಸಿಕೊಳ್ಳುವವಳು ನಾನು, ಶಾಲೆಯಲ್ಲಿ ಮಕ್ಕಳಿಗೆ ಶಿಸ್ತು ಕಲಿಸುವ ಅಕ್ಕೋರು!

ಆ ಹಳೆಯ ಅಜ್ಜನ ನಂತರ ಗಂಟೆ ನೋಡಿಕೊಳ್ಳುತ್ತಿದ್ದ ಅವನ ಮಗನೂ ತೊಂಬತ್ತರ ದಶಕದ ಕೊನೆಯಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ ಆ ಮಗನೂ ಅಜ್ಜನಾಗಿದ್ದ. ಆ ಕೆಲಸಕ್ಕೆ ಗಂಡಸರು ಯಾರೂ ಮುಂದೆ ಬರಲಿಲ್ಲ. ನಾವಿಬ್ಬರೂ ಕೈ ಎತ್ತಿದೆವು. ಸಭೆಯ ಹಿರಿಯರು, "ಹಗ್ಗ ನಿಮ್ಮಿಬ್ಬರಾಗ ದೊಡ್ಡಾರ ಹಿಡೀರಿ" ಎಂದುಬಿಟ್ಟರು. ತಗೋ! ಹದಿನೈದು ವರ್ಷ ಸಣ್ಣವರಾಗಿದ್ದ ನಾವು ಆ ಕ್ಷಣವೇ ಮತ್ತೆ ದೊಡ್ಡವರಾದೆವು. ಕೊನೆಗೆ ಒಂದು ಸಾವಿಗೆ ಹಗ್ಗ ಅವಳಿಗೆ, ಇನ್ನೊಂದು ಸಾವಿಗೆ ನನಗೆ ಎಂದು ತಾತ್ಕಾಲಿಕ ಒಪ್ಪಂದವಾಯಿತು.

ಅವಳ ಪಾಳಿಯಲ್ಲೇ ಆ ಬಿಕ್ಕಳಿಕೆಯ ಪ್ರಸಂಗ ನಡೆದದ್ದು. ಎಪ್ಪತ್ತೆರಡು ವರ್ಷದ ಹಿರಿಯರೊಬ್ಬರು ಹೋಗಿದ್ದರು. ಸುದ್ದಿ ಬಂದಾಗ ಇವಳು ಮಿರ್ಚಿ ಭಜಿ ತಿನ್ನುತ್ತಿದ್ದಳು. ಇದ್ದುದನ್ನು ಬಾಯಿಗೆ ತುರುಕಿಕೊಂಡು ಓಡಿ ಬಂದಳು. ಐವತ್ತರ ಹೊತ್ತಿಗೆ ಬಿಕ್ಕಳಿಕೆ ಶುರುವಾಯಿತು. ನಾನು ತುಟಿ ಕಚ್ಚಿ ಹಿಡಿದುಕೊಂಡು ಬೀಜ ಹಾಕುತ್ತಿದ್ದೆ. ಎಪ್ಪತ್ತೆರಡನೆಯ ಬೀಜ ಹಾಕಿ ಕೈ ತೋರಿಸಿದೆ. ಅವಳು ಹಗ್ಗ ಬಿಡಬೇಕು, ಅಷ್ಟರಲ್ಲಿ ಒಂದು ದೊಡ್ಡ ಬಿಕ್ಕಳಿಕೆ. ಮೈಯೆಲ್ಲ ಜಗ್ಗಿತು, ಗಂಟೆ ಢಣ್ ಎಂದಿತು. ಎದುರು ಮನೆಯ ನೇಕಾರ ಮಗ್ಗದ ಕುಣಿಯೊಳಗಿಂದಲೇ, "ಎಪ್ಪತ್ಮೂರು? ಆ ಮನಷ್ಯಾ ನಮ್ಮಪ್ಪನ ವಾರಿಗ್ಯಾಂವ, ಇಬ್ಬರದೂ ಒಂದs ವಯಸ್ಸ, ಎಪ್ಪತ್ತೆರಡs ಅಲ್ಲೇನ್ರಿ?" ಎಂದು ಕೂಗಿದ. ನಾನು ಬೀಜದ ಡಬ್ಬಿಯ ಮೇಲೆ ಮುಖ ಇಟ್ಟು ನಕ್ಕೆ. ಸಾವಿನ ಮನೆಯವರು ಎದುರಿಗಿದ್ದಾರೆ, ನಾನು ನಗುತ್ತಿದ್ದೇನೆ. ಅಳುತ್ತಿದ್ದೇನೆಂದು ತಿಳಿದು ಪುಣ್ಯಾತ್ಗಿತ್ತಿಯೊಬ್ಬಳು ನನ್ನ ಬೆನ್ನು ಸವರಿದಳು.

ಆದರೆ ಅವಳು ನಗಲಿಲ್ಲ. ಮುಂದಿನ ಭಾನುವಾರ ಯಾರೂ ಕೇಳದಿದ್ದರೂ ಎದ್ದು ನಿಂತಳು, ಕೊರಳಲ್ಲಿ ಟೇಪಿನ ಸಮೇತ. "ಗಂಟಿ ನನ್ನ ಕೈಯಾಗ ಸುಳ್ಳ ಹೇಳೇತಿ. ಒಂದ ವರ್ಷ ಹೆಚ್ಚ ಹೇಳೇತಿ. ದೇವರೂ ನೀವೂ ಕ್ಷಮಾ ಮಾಡ್ರಿ" ಎಂದು ಕೈ ಮುಗಿದು ಕೂತಳು. ಅವತ್ತಿನಿಂದ ಗಂಟೆಯ ವಿಷಯದಲ್ಲಿ ಕಲ್ಲಾಗಿಬಿಟ್ಟಳು. ಒಮ್ಮೆ ಒಬ್ಬರು ಬಂದು, ನಮ್ಮವ್ವನಿಗೆ ಅರವತ್ತೊಂಬತ್ತು, ಎಪ್ಪತ್ತು ಹೊಡೆದುಬಿಡಿ ಚೆನ್ನಾಗಿರುತ್ತದೆ ಎಂದು ಕೇಳಿಕೊಂಡರು. "ಚಂದ ಕಾಣ್ಸಾಕ ಇದೇನ ಕುಪ್ಪಸಕ್ಕ ಹಚ್ಚೋ ಲೇಸ ಏನ್ರಿ? ಗಂಟಿ ಸುಳ್ಳ ಹೇಳಬಾರದು" ಎಂದು ಕಳಿಸಿದಳು. ನನಗೂ ಅವತ್ತೇ ಬೆರಳು ತೋರಿಸಿ ಹೇಳಿದಳು: "ನಮ್ಮಿಬ್ಬರಾಗ ಯಾರ ಮೊದಲ ಹೋಗ್ತಾರೋ ಅವರಿಗೆ ಉಳಿದಾಕಿ ಹೊಡೀಬೇಕು. ಎಷ್ಟ ಹೊಡದಿ ಅನ್ನೋದನ್ನ ಇಡೀ ಓಣಿ ಎಣಸ್ತೈತಿ. ಅದs ಕಡೀ ತೀರ್ಪು. ನೆನಪಿರಲಿ."

"ನೀ ಮೊದಲ ಹೋಗ, ನಾ ಸಣ್ಣಾಕಿ ಲೆಕ್ಕಾನs ಹೊಡೀತೇನಿ" ಎಂದೆ.

"ಹೊಡದ ನೋಡ. ಪೆಟಗಿಯಿಂದ ಎದ್ದ ಬಂದ ನಿನ್ನ ಕೈಯಾನ ಹಗ್ಗ ಕಸಕೋತೇನಿ!"

ಹಾಗಾದ ಮೇಲೆ ಇದನ್ನು ಖಚಿತ ಮಾಡಿಕೊಳ್ಳದೆ ಬಿಡುವಂತಿರಲಿಲ್ಲ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಶಾಲೆಗೆ ಬೇಸಿಗೆ ರಜೆ. ಮೊದಲು ಹುನಗುಂದಕ್ಕೆ ಹೋಗಿ ಕಚೇರಿಯಲ್ಲಿ ವಿಚಾರಿಸಿದೆವು. ಅಷ್ಟು ಹಳೆಯ ಕಾಗದ ಸಿಗುವುದಿಲ್ಲ, ಬೇರೆ ಏನು ದಾಖಲೆ ಇದೆ ಎಂದು ಕೇಳಿದರು. ಅವಳು ಮತದಾರರ ಚೀಟಿ ತೆಗೆದು ಕೊಟ್ಟಳು. ಗುಮಾಸ್ತರು ಅದನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಚೀಟಿ ನೋಡಿದರು. ಅದರಂತೆ ಅವಳು ತನ್ನ ಸ್ವಂತ ಮಗನಿಗಿಂತ ಎರಡು ವರ್ಷ ಚಿಕ್ಕವಳು. "ಮತ್ತ ನನ್ನ ಮಗಾ ನನಗ ಅಣ್ಣ ಆದನಲ್ಲರಿ!" ಎಂದು ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾಲಿನಲ್ಲಿ ನಿಂತವರೂ ನಕ್ಕರು, ಗುಮಾಸ್ತರೂ ನಕ್ಕರು, ನಮ್ಮ ಕೆಲಸ ಮಾತ್ರ ಆಗಲಿಲ್ಲ.

ಉಳಿದದ್ದು ಒಂದೇ ಸಾಕ್ಷಿ. ನಮ್ಮಿಬ್ಬರನ್ನೂ ಹೆರಿಗೆ ಮಾಡಿಸಿದ ಸೂಲಗಿತ್ತಿ ಇನ್ನೂ ಬದುಕಿದ್ದಾಳೆ, ತೊಂಬತ್ತು ದಾಟಿದೆ, ಬಾದಾಮಿಯಲ್ಲಿ ಮೊಮ್ಮಗಳ ಮನೆಯಲ್ಲಿದ್ದಾಳೆ ಎಂದು ತಿಳಿಯಿತು. ಮರುದಿನವೇ ಬಸ್ಸು ಹತ್ತಿದೆವು. ನಾನು ಶಿಕ್ಷಕಿ ನೋಡಿ, ಸಾಕ್ಷಿಗೆ ಬೇಕಾದೀತು ಎಂದು ನಮ್ಮಿಬ್ಬರ ಶಾಲೆ ಬಿಟ್ಟ ದಾಖಲೆಗಳನ್ನು ಕೈಚೀಲದಲ್ಲಿ ಬಾಳೆಹಣ್ಣಿನ ಜೊತೆ ಇಟ್ಟುಕೊಂಡಿದ್ದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಅವಳು ಇಳಿದು ಮುದುಕಿಗೆಂದು ಕರದಂಟು ತಂದಳು. ಹಲ್ಲಿಲ್ಲದ ಮುದುಕಿಗೆ ಕರದಂಟು! ಗಟ್ಟಿ ಹಲ್ಲಿನವರಿಗೇ ದವಡೆ ನೋಯುವಷ್ಟು ಅಂಟು ಮಿಠಾಯಿ ಅದು. ಬೈದೆ. "ಬರಿಗೈಯಾಗ ಹೋಗಾಕ ಬರತೈತೇನು? ಚೀಪ್ತಾಳ ಬಿಡ" ಎಂದಳು.

ಮುದುಕಿ ಚೀಪಲಿಲ್ಲ. ಒಂದು ದೊಡ್ಡ ತುಂಡನ್ನು ಬಾಯಿಗೆ ಹಾಕಿಕೊಂಡಳು. ಮೇಲಿನ ವಸಡಿಗೂ ಕೆಳಗಿನ ವಸಡಿಗೂ ಅದು ಅಂಟಿ ಕೂತಿತು. ನಾವು ಎಷ್ಟೋ ದೂರದಿಂದ ಒಂದೇ ಒಂದು ಪ್ರಶ್ನೆ ಹೊತ್ತು ಬಂದಿದ್ದೇವೆ, ಸಾಕ್ಷಿ ಹೇಳಬೇಕಾದವಳು ಬಾಯಿ ಬಿಡಲಾರದೆ ಮ್‌ಮ್ ಮ್‌ಮ್ ಎನ್ನುತ್ತ ಕೈ ಆಡಿಸುತ್ತಿದ್ದಾಳೆ. ಕಣ್ಣಲ್ಲಿ ಮಾತ್ರ ಏನು ಖುಷಿ! ಕಾಲು ಗಂಟೆ ಕಾದೆವು. ಅಷ್ಟರಲ್ಲಿ ಜಗುಲಿಯಿಂದ ಧಡ್ ಎಂದು ಸದ್ದು. ನೋಡಿದರೆ ನನ್ನ ಕೈಚೀಲ ಮಂಗನ ಕೈಯಲ್ಲಿ.

ಬಾದಾಮಿಯ ಮಂಗಗಳು ಗೊತ್ತಲ್ಲ. ನಾನು ಸೀರೆ ಎತ್ತಿ ಕಟ್ಟಿ ಹಿಂದೆ ಓಡಿದೆ. ಅದು ಗೋಡೆ ಹತ್ತಿತು, ನಾನು ಕೆಳಗೆ ನಿಂತು ಪಾಠ ಹೇಳುವ ಧ್ವನಿಯಲ್ಲಿ, "ಇಡು ಕೆಳಗ!" ಎಂದೆ. ಮಂಗ ಬಾಳೆಹಣ್ಣು ತಿಂದಿತು. ಸಿಪ್ಪೆ ನನ್ನ ಕಡೆ ಎಸೆಯಿತು. ಆಮೇಲೆ ಕಾಗದ ಬಿಡಿಸಿ ಓದುವಂತೆ ಮುಖದ ಹತ್ತಿರ ಹಿಡಿದು, ನಮ್ಮಿಬ್ಬರ ಜೂನ್ ಒಂದನ್ನೂ ಅಗಿದು ಉಗುಳಿತು. ಓಣಿಯ ಜನ ಬಾಗಿಲಿಗೆ ಬಂದು ನಿಂತು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಬರಿ ಚೀಲ ಹಿಡಿದು ಹಿಂದಿರುಗುವಾಗ ಅವಳು ಬಾಗಿಲಲ್ಲೇ ಎದುರಾದಳು. "ನಡಿ ನಡಿ, ಬಸ್ಸಿಗೆ ಹೊತ್ತಾತು."

"ಬಾಯಿ ಬಿಟ್ಟಳೇನು? ಏನ್ ಅಂದ್ಲು?"

"ಮುದುಕಿಗೆ ಏನೂ ನೆನಪಿಲ್ಲ ಬಿಡ. ನಾ ಯಾರ ಅನ್ನೋದs ನೆನಪಿಲ್ಲ. ಮತ್ತಷ್ಟ ಕರದಂಟ ಬೇಕಂತ, ಅಷ್ಟs."

ನಾನು ಹಣೆ ಹಣೆ ಬಡಿದುಕೊಂಡೆ. ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ನಾನು ಕಂಡದ್ದೇ ಅಪರೂಪ. ಏನಾಯಿತೆಂದು ಕೇಳಿದರೆ ನನ್ನ ಕಡೆ ತಿರುಗಿ, ಮಂಗ ಕಾಗದ ಓದಿದ್ದನ್ನು ಇನ್ನೊಮ್ಮೆ ಮಾಡಿ ತೋರಿಸು ಎಂದಳು. ಮಾಡಿ ತೋರಿಸಿದೆ. ಕಂಡಕ್ಟರನಿಗೂ ತೋರಿಸಬೇಕಾಯಿತು.

ಆಮೇಲಿನ ಐದಾರು ವರ್ಷ ಹಾಗೇ ನಡೆಯಿತು. ಸೂಲಗಿತ್ತಿಯೂ ತೀರಿಕೊಂಡಳು. ಪ್ರತಿ ಜೂನ್ ಒಂದಕ್ಕೆ ನಾನು ಅವಳ ಪಡಸಾಲೆಗೆ ಹೋಗುತ್ತಿದ್ದೆ. ಗಿರ್ಮಿಟ್ಟು, ಮಿರ್ಚಿ ಭಜಿ, ಚಹಾ. ಸುಳ್ಳು ತಾರೀಖಿಗೆ ಖರೇ ಹಬ್ಬ. ಪ್ರತಿ ಸಲವೂ ಅವಳು ತಟ್ಟೆ ಮುಂದೆ ಇಡುತ್ತ, "ಅಕ್ಕಾ ಅಂತ ಕರಿ, ಕೊಡ್ತೇನಿ" ಅನ್ನುತ್ತಿದ್ದಳು. "ನೀ ಕರಿ, ತಿಂತೇನಿ" ಎಂದು ನಾನು. ಇಬ್ಬರೂ ಕರೆಯಲಿಲ್ಲ, ಭಜಿಯನ್ನೇನೂ ಬಿಡಲಿಲ್ಲ.

ನನಗೆ ಅರವತ್ತು ತುಂಬಿದ ಮೇಲಿನ ಶ್ರಾವಣದಲ್ಲಿ ಅವಳಿಗೆ ಎದೆನೋವು ಬಂತು. ಮಗ ಬಾಗಲಕೋಟೆಯ ದವಾಖಾನೆಗೆ ಸೇರಿಸಿದ. ಮೂರನೆಯ ದಿನ ನಾನು ಹೋದೆ. ಮಧ್ಯಾಹ್ನದ ಹೊತ್ತು, ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಕೊರಳಲ್ಲಿ ಟೇಪು ಇರಲಿಲ್ಲ. ನಕ್ಕಳು. ಮಗನನ್ನು ಚಹಾ ತರಲು ಕಳಿಸಿದಳು. ಆಮೇಲೆ ನನ್ನ ಕೈ ಹಿಡಿದು, "ಅಕ್ಕಾ" ಎಂದಳು.

ನನಗೆ ಕೆಟ್ಟ ಸಿಟ್ಟು ಬಂತು. "ಏ! ಹಂಗ ಕರದರ ನೋಡ! ಬಾಯಿ ಮುಚ್ಚ!"

"ಕೇಳಿಲ್ಲಿ. ಆ ಬಾದಾಮಿ ಮುದುಕಿ ಎಲ್ಲಾ ಹೇಳಿದ್ಲು. ಭಾಳ ಚಲೋ ನೆನಪಿತ್ತ ಆಕಿಗೆ. ನನ್ನ ಹೆರಿಗಿ ಮಾಡ್ಸಾಕ ಬಂದಾಗ ನಿಮ್ಮವ್ವ ಅಲ್ಲೇ ಇದ್ಲಂತ, ನೀರ ಕಾಸಾಕ. ನೀ ಅವ್ವನ ಬಗಲಾಗ. ಎಂಟ ತಿಂಗಳ ಕೂಸು. ನಾ ಹುಟ್ಟಿ ಅಳಬೇಕೋ ಇಲ್ಲೋ, ನನಕಿಂತ ಜೋರ ನೀ ಅತ್ತಿಯಂತ. ಹುಟ್ಟಿದ ಕೂಸ ಯಾವ್ದ ಅನ್ನೋದ ತಿಳೀಲಿಲ್ಲಂತ ಜನಕ್ಕ." ಸ್ವಲ್ಪ ಉಸಿರು ತೆಗೆದುಕೊಂಡಳು. "ನಾ ಹುಟ್ಟಿದಾಗ ನೀ ಅಲ್ಲೇ ಇದ್ದಿ ನೋಡ."

"ಮತ್ತ ಅವತ್ತs ಯಾಕ ಹೇಳ್ಲಿಲ್ಲ, ಕಳ್ಳಿ?"

"ಹೇಳಿದ್ದರ ಜಗಳ ಮುಗೀತಿತ್ತಲ್ಲ" ಎಂದಳು. "ಆಮ್ಯಾಲ ನಿನ್ನ ಜೋಡಿ ನಾ ಏನ್ ಮಾತಾಡ್ಲಿ?"

ನನಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು, ಎರಡೂ ಮೂಗಿನಿಂದಲೇ ಬಂದವು. ಅವಳು ಅದನ್ನು ನೋಡಿ ನಗತೊಡಗಿದಳು. ನರ್ಸು ಓಡಿ ಬಂದು ಇಬ್ಬರನ್ನೂ ಬೈದಳು. ಹೊರಡುವಾಗ ಅವಳು ನನ್ನ ಸೆರಗು ಜಗ್ಗಿ ಹೇಳಿದ ಮಾತು ಇದು: "ಅರವತ್ತ ಹೊಡಿ. ಅರವತ್ತೊಂದ ಅಲ್ಲ, ಅರವತ್ತು. ಗಂಟಿ ಸುಳ್ಳ ಹೇಳಬಾರದು."

ಎರಡು ದಿನ ಬಿಟ್ಟು ಬೆಳಿಗ್ಗೆ ಸುದ್ದಿ ಬಂತು.

ಗಂಟೆಯ ಹಗ್ಗ ನನ್ನ ಕೈಯಲ್ಲಿತ್ತು. ಬೀಜ ಹಾಕಲು ಯಾರೂ ಇರಲಿಲ್ಲ. ಆ ಕೆಲಸದವಳಿಗೇ ತಾನೆ ಗಂಟೆ. ಹೊಸ ಪಾಸ್ಟರ್ ಮೈಸೂರು ಕಡೆಯ ಎಳೆ ಹುಡುಗ, ತಾನು ಸಹಾಯ ಮಾಡುತ್ತೇನೆ ಎಂದು ಬಂದರು. "ಅಮ್ಮಾ, ಎಷ್ಟು ಬೀಜ ಎಣಿಸಿಡಲಿ?" ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದರು. ಅವರ ಮಾತನ್ನು ಅಣಕಿಸಿ ನಾವಿಬ್ಬರೂ ಎಷ್ಟು ನಕ್ಕಿದ್ದೆವು.

"ಅರವತ್ತು" ಎಂದೆ. ಅದೇ ಖರೆ. ಕಾರ ಹುಣ್ಣಿಮೆ ಮುಗಿದಿತ್ತು, ಅವಳಿಗೆ ಅರವತ್ತು ತುಂಬಿತ್ತು. ಸೀಗೆ ಹುಣ್ಣಿಮೆ ಇನ್ನೂ ಬಂದಿರಲಿಲ್ಲ, ನನಗೂ ಅರವತ್ತೇ. ಅವಳು ಜೀವಮಾನವಿಡೀ ಹೇಳಿಕೊಂಡು ಬಂದದ್ದು ನಿಜವಾಗಿದ್ದರೆ ಮಾತ್ರ ಅರವತ್ತೊಂದು. ಒಂದೇ ಒಂದು ಪೆಟ್ಟಿನ ವ್ಯತ್ಯಾಸ.

ಎಳೆಯತೊಡಗಿದೆ. ಮಗ್ಗಗಳು ಒಂದೊಂದಾಗಿ ನಿಂತವು. ಇಪ್ಪತ್ತರ ಹೊತ್ತಿಗೆ ನಾವಿಬ್ಬರೂ ಇದೇ ಹಗ್ಗಕ್ಕೆ ಜೋತುಬಿದ್ದು, ಗಂಟೆ ಹಿಂದಕ್ಕೆ ಹೋದಾಗ ನೆಲ ಬಿಟ್ಟು ಮೇಲೆ ಹೋದದ್ದು, ಅಜ್ಜ ಕಾಲು ಹಿಡಿದು ಇಳಿಸಿದ್ದು ನೆನಪಾಯಿತು. ಐವತ್ತಕ್ಕೆ ಬಿಕ್ಕಳಿಕೆ ನೆನಪಾಯಿತು, ಹಗ್ಗ ಹಿಡಿದಂತೆಯೇ ನಕ್ಕುಬಿಟ್ಟೆ. ಪಾಸ್ಟರ್ ಗಾಬರಿಯಿಂದ ನೋಡಿದರು. ಪೆಟ್ಟಿಗೊಂದು ಬೀಜ ತಟ್ಟೆಗೆ ಟಕ್ ಎಂದು ಬೀಳುತ್ತಿತ್ತು. ಗೆದ್ದಿದ್ದೆ ನಾನು. ಇಡೀ ಓಣಿ ಎಣಿಸುತ್ತಿತ್ತು, ಕೊನೆಯ ತೀರ್ಪು ನನ್ನ ಕಡೆಗೇ ಇತ್ತು. ಇಷ್ಟು ಬೇಜಾರಿನ ಗೆಲುವು ಯಾರಿಗೂ ಬರಬಾರದು ಅನಿಸಿತು.

ಅರವತ್ತನೆಯ ಬೀಜ ಬಿತ್ತು. ಪಾಸ್ಟರ್ ಖಾಲಿ ಕೈ ತೋರಿಸಿದರು.

ನಾನು ಎರಡೂ ಕೈಯಿಂದ ಹಗ್ಗ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಇನ್ನೊಮ್ಮೆ ಎಳೆದೆ. ಅಷ್ಟು ಜೋರಾಗಿ ಆ ಗಂಟೆ ಹಿಂದೆಂದೂ ಬಾರಿಸಿರಲಿಲ್ಲ.

"ಅಮ್ಮಾ, ಬೀಜ ಅರವತ್ತೇ ಇದ್ದವು. ಒಂದು ಪೆಟ್ಟು ಹೆಚ್ಚಾಯಿತಲ್ಲವೇ?" ಎಂದರು ಪಾಸ್ಟರ್.

ಎದುರು ಮನೆಯ ನೇಕಾರ ಬಾಗಿಲಿಗೆ ಬಂದು ನಿಂತಿದ್ದ. "ಅಕ್ಕೋರ, ಅರವತ್ತೊಂದ ಆದೂವಲ್ಲರಿ. ನಿಮ್ಮ ವಾರಿಗಿಯಾಕಿ ಅಂತಿದ್ರಿ. ಲೆಕ್ಕ ತಪ್ಪಿತೇನ್ರಿ?"

"ಇಲ್ರೀ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದೆ. "ಲೆಕ್ಕ ಬರೋಬ್ಬರಿ ಐತಿ. ನನಕಿಂತ ದೊಡ್ಡಾಕಿರಿ ಆಕಿ. ನಮ್ಮಕ್ಕ."